ಪಟ್ಟಿ ಬೇಡ, ಹವಾಮಾನ ವರದಿ ಓದಿಸಿ

ಇಂಗ್ಲಿಷಿನಲ್ಲಿ ರೂಢಿಯಿಂದ ಜೊತೆಯಾಗಿ ಬರುವ ಪದಜೋಡಿಗಳ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಎಂದು ಲೇಖನವೊಂದರಲ್ಲಿ ಓದಿದೆ; ಆ ಲೇಖಕರ ಸಲಹೆ ನನಗೆ ಒಪ್ಪಿಗೆಯಿಲ್ಲ. ನಾನು ಉಡುಪಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುವವಳು. ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’. ಇದಕ್ಕೆ ವ್ಯಾಕರಣದ ನಿಯಮ ಇಲ್ಲ, ಬಳಕೆಯೇ ಆಧಾರ. ಪದದ ಅರ್ಥ ಅದರ ಒಡನಾಡಿ ಪದಗಳಿಂದ ತಿಳಿಯುತ್ತದೆ ಎಂದು ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1950ರ ದಶಕದಲ್ಲೇ ಹೇಳಿದ್ದರು.

ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಗೆ ನಾಳೆ ರಜೆ ಉಂಟಾ ಎಂದು ಮಕ್ಕಳು ಕಾಯುತ್ತಾರಲ್ಲ, ಆಗ ಹವಾಮಾನ ಇಲಾಖೆಯ ಇಂಗ್ಲಿಷ್ ಮುನ್ಸೂಚನೆ ಓದಿಸಿ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಹೆವಿ’, 115.6 ಮುಟ್ಟಿದರೆ ‘ವೆರಿ ಹೆವಿ’. ಸಮುದ್ರ ‘ರಫ್’ ಎಂಬುದನ್ನು ಕಡಲತೀರದ ಮಲ್ಪೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.