ಎರಡಕ್ಕೆ ಒಂದು, ಟೈಫಾಯ್ಡ್ ಪಾಸ್

ಮಳೆಗಾಲದಲ್ಲಿ ಹುಬ್ಬಳ್ಳಿಯವನಿಗೆ ಮೂರು ದಿನ ಜ್ವರ ಬಂದರೆ ಓಣಿಯವರು ಗಂಜಿ ಕುಡಿ ಅನ್ನುವುದಿಲ್ಲ. ‘ವೈಡಲ್ ಮಾಡಿಸಿಯೇನಪಾ?’ ಅಂತ ಕೇಳುತ್ತಾರೆ. ಟೈಫಾಯ್ಡ್ ಪತ್ತೆಯ ಆ ರಕ್ತಪರೀಕ್ಷೆ ನಾನೂ ಮಾಡಿಸಿದೆ. ಮೊದಲ ಲ್ಯಾಬಿನ ಚೀಟಿಯಲ್ಲಿ 1:160, ಸುತ್ತ ಕೆಂಪು ಪೆನ್ನಿನ ದುಂಡು, ಪಾಸಿಟಿವ್. ಮನೆಯಾಕೆಗೆ ನಂಬಿಕೆ ಬರಲಿಲ್ಲ. ಸಂಜೆ ಎದುರಿನ ಲ್ಯಾಬಿನಲ್ಲೂ ತೋಳು ಚಾಚಿದೆ. ನೆಗೆಟಿವ್.

ಎರಡೂ ಬೋರ್ಡಿನ ಮೇಲೆ ‘ಶೇಕಡಾ 100 ನಿಖರ’ ಅಂತ ಬರೆದಿದೆ. ನನ್ನ ರಕ್ತದ ಬಗ್ಗೆ ಒಟ್ಟು ಶೇಕಡಾ 200 ನಿಖರವಾದ ಮಾಹಿತಿ ಈಗ ನನ್ನ ಜೇಬಿನಲ್ಲಿತ್ತು.

ಎರಡನೇ ಲ್ಯಾಬಿನ ಹುಡುಗನನ್ನು ಕೇಳಿದೆ. ‘ನೂರು ಅಂತ ಹೆಂಗ್ ಗೊತ್ತಾತು?’

‘ಹಳೇ ಕಿಟ್ ಜೋಡಿ ಹಚ್ಚಿ ನೋಡೇವ್ರಿ. ಎರಡೂ ಒಂದ ಹೇಳ್ತಾವು.’

‘ಹಳೇದು ಸರಿ ಇತ್ತೇನು?’

‘ಅದು ಸರಿ ಇರಲಿಲ್ಲ ಅಂತನ ಹೊಸಾದು ತಂದೇವಲ್ರಿ!’

ಈ ವೈಡಲ್ 1896ರಿಂದ ಇದೆ. ಪ್ಯಾರಿಸ್ಸಿನ ಡಾಕ್ಟರು ಫೆರ್ನಾಂ ವೈಡಲ್ ಅವರ ಹೆಸರು. ಇದು ರೋಗಾಣುವನ್ನು ಹಿಡಿಯುವುದಿಲ್ಲ, ಅದರ ವಿರುದ್ಧ ದೇಹ ಕಟ್ಟಿದ ಸೈನ್ಯವನ್ನು ಅಳೆಯುತ್ತದೆ. ಹಿಂದೆಂದೋ ಟೈಫಾಯ್ಡ್ ಬಂದಿದ್ದರೆ, ಲಸಿಕೆ ಹಾಕಿಸಿದ್ದರೆ ಆ ಸೈನ್ಯ ಸುಮ್ನೆ ಅಲ್ಲೇ ಬಿಡಾರ ಹೂಡಿರಬಹುದು. ಸರಿಯಾದ ಕ್ರಮ ಅಂದರೆ ವಾರ, ಹತ್ತು ದಿನ ಬಿಟ್ಟು ಮತ್ತೆ ರಕ್ತ ಕೊಡಬೇಕು, ಅಂಕಿ ನಾಲ್ಕು ಪಟ್ಟು ಏರಿದೆಯಾ ನೋಡಬೇಕು. ಅಷ್ಟರಲ್ಲಿ ಜ್ವರ ಇಳಿದು ನಾನು ಗಿರಮಿಟ್ ತಿನ್ನುತ್ತಾ ಕೂತಿರುತ್ತೇನೆ. ಯಾರು ಹೋಗ್ತಾರೆ?

ಹಾಗಾದರೆ ಒರೆಗಲ್ಲು ಯಾವುದು? ರಕ್ತದ ಕಲ್ಚರ್ ಅಂತಾರೆ, ಅಂದರೆ ರಕ್ತದೊಳಗಿನ ರೋಗಾಣುವನ್ನೇ ಬೆಳೆಸಿ ನೋಡುವುದು. ಟೈಫಾಯ್ಡ್ ಇದ್ದ ನೂರು ಮಂದಿಯಲ್ಲಿ ಅದಕ್ಕೆ ಸಿಗುವವರು ಸುಮಾರು 60. ಮೊದಲೇ ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಿದ್ದರೆ ಇನ್ನೂ ಕಮ್ಮಿ. (ನಮ್ಮ ಓಣಿಯಲ್ಲಿ ನುಂಗದವರು ಯಾರಿದ್ದಾರೆ?) ಆ 60 ಹೇಗೆ ಗೊತ್ತಾಯಿತು? ಎಲುಬಿನ ಮಜ್ಜೆಯ ಕಲ್ಚರ್ ಪಕ್ಕ ಇಟ್ಟು ನೋಡಿ. ಅದೂ ಎಲ್ಲರನ್ನೂ ಹಿಡಿಯುವುದಿಲ್ಲ. ಕಲ್ಲಿನ ಕೆಳಗೊಂದು ಕಲ್ಲು, ಅದರ ಕೆಳಗೆ ಇನ್ನೊಂದು.

ಬ್ಯಾಡಗಿ ಪೇಟೆಯಲ್ಲಿ ಇದು ನಡೆದರೆ ಹೇಗಿರುತ್ತೆ ನೋಡಿ. ಖರೀದಿದಾರನ ಕೈಯಲ್ಲಿರುವ ಮಾದರಿ ಕಾಯಿಯೇ ಕಲಬೆರಕೆ. ರೈತ ಅಪ್ಪಟ ಡಬ್ಬಿ ಮೆಣಸಿನಕಾಯಿ ಸುರಿಯುತ್ತಾನೆ. ಖರೀದಿದಾರ ಎರಡನ್ನೂ ಮುರಿದು, ಮೂಸಿ, ‘ಬಣ್ಣ ಜಾಸ್ತಿ ಆತು, ಖಾರ ಕಮ್ಮಿ ಆತು, ಇದು ಬ್ಯಾಡಗಿ ಅಲ್ಲಪಾ’ ಅಂತ ಚೀಲ ಸರಿಸುತ್ತಾನೆ. ಕಲ್ಚರ್ ಕಣ್ಣಿಗೆ ಬೀಳದ ರೋಗಿಯನ್ನು ಹೊಸ ಪರೀಕ್ಷೆಯೊಂದು ಸರಿಯಾಗಿ ಹಿಡಿದರೆ ಅದಕ್ಕೂ ಇದೇ ಗತಿ. ‘ಸುಳ್ಳು ಪಾಸಿಟಿವ್’ ಅಂತ ಹಣೆಪಟ್ಟಿ.

ಓಣಿಯ ಕಟ್ಟೆ ಕೂಡಿತು. ‘ಮೂರನೇದು ಮಾಡಿಸು, ಎರಡು ಏನು ಹೇಳ್ತಾವೋ ಅದ ಖರೆ’ ಅಂತ ಕಾಕಾ ತೀರ್ಪು ಕೊಟ್ಟರು. ಗ್ರಾಮ ಪಂಚಾಯ್ತಿ ಠರಾವಿನ ಹಾಗೆ ರೋಗಾಣುವೂ ಬಹುಮತಕ್ಕೆ ತಲೆಬಾಗಬೇಕು. ಮೊದಲೆರಡು ಚೀಟಿ ಕೂಡಿ ಒಂದೇ ಸುಳ್ಳು ಹೇಳಿದ್ದರೆ ಮೂರನೆಯದನ್ನು ಯಾರೂ ಕರೆಯುತ್ತಲೇ ಇರಲಿಲ್ಲ, ಅಲ್ವಾ?

ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನನ್ನನ್ನು ನೋಡಲು ಬಂದ ಸಂಖ್ಯಾಶಾಸ್ತ್ರದ ಮಾಸ್ತರರೊಬ್ಬರು ಪೇಡೆಯ ಡಬ್ಬಿ ಇಟ್ಟು ಬೇರೆ ದಾರಿ ಹೇಳಿದರು. 1980ರಲ್ಲಿ ಹ್ಯೂಯ್, ವಾಲ್ಟರ್ ಅನ್ನುವವರು ಲೆಕ್ಕ ಹಾಕಿ ತೋರಿಸಿದರಂತೆ: ಒರೆಗಲ್ಲೇ ಬೇಡ. ಎರಡು ಹುಳುಕು ಪರೀಕ್ಷೆ ಸಾಕು, ಆದರೆ ಎರಡು ಊರು ಬೇಕು, ರೋಗದ ಪ್ರಮಾಣ ಎರಡರಲ್ಲೂ ಬೇರೆ ಬೇರೆ ಇರಬೇಕು. ಪ್ರತಿ ಊರಿನಿಂದ ಮೂರು ಅಂಕಿ ಸಿಗುತ್ತವೆ (ಎರಡರಲ್ಲೂ ಪಾಸಿಟಿವ್ ಎಷ್ಟು, ಮೊದಲನೆಯದರಲ್ಲಷ್ಟೇ ಎಷ್ಟು, ಎರಡನೆಯದರಲ್ಲಷ್ಟೇ ಎಷ್ಟು), ಒಟ್ಟು ಆರು. ಗೊತ್ತಿಲ್ಲದ ಸಂಗತಿಗಳೂ ಆರೇ: ಎರಡು ಊರಿನ ರೋಗದ ಪ್ರಮಾಣ, ಒಂದೊಂದು ಪರೀಕ್ಷೆಯ ಎರಡೆರಡು ಬಗೆಯ ತಪ್ಪು. ಬಿಡಿಸಿದರೆ ಯಾವ ಪರೀಕ್ಷೆ ಎಷ್ಟು ತಪ್ಪುತ್ತದೆ ಅಂತ ಸಿಗುತ್ತದೆ.

‘ಅಂದ್ರ ಹುಬ್ಬಳ್ಳಿ ಬ್ಯಾರೆ, ಧಾರವಾಡ ಬ್ಯಾರೆ ಅಂತ ಒಪ್ಪಿದ್ರಿ’ ಅಂದಳು ಮನೆಯಾಕೆ. ಅವಳು ಹುಬ್ಬಳ್ಳಿಯವಳು.

‘ಒಂದ ಶರತ್ತು’ ಅಂದರು ಮಾಸ್ತರು. ‘ಎರಡೂ ಪರೀಕ್ಷೆ ತಮ್ಮ ತಮ್ಮ ತಪ್ಪು ತಾವ ಮಾಡಬೇಕು. ಕೂಡಿ ತಪ್ಪಿದ್ರ ಲೆಕ್ಕ ಕೆಡ್ತದ.’

ಮೂರನೇ ಲ್ಯಾಬು 1:160 ಅಂತ ಕೊಟ್ಟಿತು. ಮೊದಲನೆಯದರ ತದ್ರೂಪು. ಎರಡಕ್ಕೆ ಒಂದು, ಟೈಫಾಯ್ಡ್ ಪಾಸ್. ಕಾಕಾ ಮೀಸೆ ತಿರುವಿದರು.

ಗುಳಿಗೆ ತರಲು ಹೊರಟೆ. ಬೈಕಿನ ಹಿಂದೆ ಥರ್ಮಾಕೋಲ್ ಡಬ್ಬಿ ಕಟ್ಟಿಕೊಂಡ ಹುಡುಗನೊಬ್ಬ ಮೊದಲ ಲ್ಯಾಬಿನಿಂದ ರಕ್ತದ ನಳಿಗೆ ಇಸಿದುಕೊಂಡ. ಮೂರನೇ ಲ್ಯಾಬಿಗೆ ಹೋಗಿ ಅಲ್ಲಿಯದನ್ನೂ ಅದೇ ಡಬ್ಬಿಗೆ ಹಾಕಿದ.

‘ಎರಡೂ ಎಲ್ಲಿಗೆ ಒಯ್ತಿಯೋ ತಮ್ಮಾ?’

‘ಒಂದ ಕಡೆರಿ. ಇಬ್ರೂ ಅಲ್ಲೇ ಮಾಡಸ್ತಾರ.’

‘ಹಂಗಾದ್ರ ರಿಪೋರ್ಟ್ ಒಂದ ಬರ್ತಾವಲ್ಲೋ?’

‘ಒಮ್ಮೊಮ್ಮೆ ಬರಂಗಿಲ್ರಿ’ ಅಂದು ಕಿಕ್ ಹೊಡೆದ.