ಎಂಟು ಸೆಕೆಂಡಿಗೇ ನಿಂತುಹೋದ ಹುಲಿ

ಸಭಾಂಗಣದ ಪರದೆಯ ಮೇಲೆ ನಮ್ಮ ಕೋಡು ಕುಣಿಸುವ ಹುಲಿ 20 ಸೆಕೆಂಡು ಕುಣಿಯಬೇಕಿತ್ತು, ಎಂಟು ದಾಟುತ್ತಿದ್ದಂತೆಯೇ ನಿಂತುಬಿಟ್ಟಿತು. ನಿನ್ನೆ ರಾತ್ರಿ ಉಡುಪಿಯಿಂದ ಮಂಗಳೂರಿಗೆ ಬರುವ ಬಸ್ಸಿನಲ್ಲಿ, ಪಡುಬಿದ್ರಿ ಕಳೆದು ಮೂಲ್ಕಿ ಬಂದರೂ, ನನ್ನ ತಲೆಯಲ್ಲಿ ಒಂದೇ ಲೆಕ್ಕ ಸುತ್ತುತ್ತಿತ್ತು: 1200ನ್ನು 144ರಿಂದ ಭಾಗಿಸಿದರೆ 8.33.

ನಾನು ಬರೆದ ಕೋಡಿನಲ್ಲಿ ಈ ತಪ್ಪು ಇರಲಿಲ್ಲ. ಪ್ರತಿಯೊಂದು ಫ್ರೇಮ್, ಅಂದರೆ ಕುಣಿತದ ಒಂದೊಂದು ಚಿತ್ರ, ಬಿಡಿಸುವ ಮುನ್ನ ಬ್ರೌಸರ್ ನಮ್ಮ ಫಂಕ್ಷನ್ನಿಗೆ (ಕೋಡಿನ ಒಂದು ತುಣುಕಿಗೆ) ಆ ಹೊತ್ತಿನ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೈಗಿತ್ತೇ ಕರೆಯುತ್ತದೆ. ಮೊದಲ ಫ್ರೇಮಿನ ಸಮಯವನ್ನು ಇಟ್ಟುಕೊಂಡು, ಈಗಿನ ಸಮಯದಿಂದ ಅದನ್ನು ಕಳೆದು, 20,000 ತುಂಬಿದ ಮೇಲೆ ಮುಂದಿನ ಫ್ರೇಮನ್ನು ಕೇಳದಿದ್ದರೆ ಸಾಕು, ಲೂಪು ಅಲ್ಲಿಗೆ ಮುಗಿಯುತ್ತದೆ. ಹುಲಿಯ ಹೆಜ್ಜೆಗಳನ್ನೂ ನಾನು ಅದೇ ಸಮಯಕ್ಕೆ ಕಟ್ಟಿದ್ದೆ. "ಇಷ್ಟೆಲ್ಲ ಎಂತಕ್ಕೆ ಮಾರಾಯ, ಸೆಕೆಂಡಿಗೆ 60 ಫ್ರೇಮ್, ಇಪ್ಪತ್ತಕ್ಕೆ 1200, ಎಣಿಸಿದರೆ ಮುಗಿಯಿತಲ್ಲ" ಎಂದು ಕಚೇರಿಯ ನಮ್ಮ ಹಿರಿಯರು ಹಿಂದಿನ ರಾತ್ರಿ ಅದನ್ನೆಲ್ಲ ಅಳಿಸಿದರು. ಪರದೆ ಬದಲಾದರೆ ಎಣಿಕೆ ಕೈಕೊಡುತ್ತದೆ ಎಂದು ನಾನು ಎರಡು ಸಲ ಹೇಳಿದ್ದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ 20 ಸೆಕೆಂಡು ಓಡಿತು, ಏಕೆಂದರೆ ಅದರ ಪರದೆ ಸೆಕೆಂಡಿಗೆ 60 ಫ್ರೇಮ್ ತೋರಿಸುವಂಥದ್ದು, ಅಂದರೆ 60 ಹರ್ಟ್ಜ್‌ನದು. ಸಭಾಂಗಣದಲ್ಲಿದ್ದದ್ದು 144 ಹರ್ಟ್ಜ್‌ನ ಪರದೆ.

ತಾಸೆ ವಾದ್ಯದ ಪೆಟ್ಟಿಗೂ ಹುಲಿಯ ಹೆಜ್ಜೆಗೂ ಮೊದಲ ಕ್ಷಣದಿಂದಲೇ ತಾಳೆಯಾಗಲಿಲ್ಲ. ಹುಲಿ ಎರಡೂವರೆ ಪಟ್ಟಿನಷ್ಟು ಅವಸರದಲ್ಲಿ ಕುಣಿದು, ಒಂದು ಕಾಲೆತ್ತಿದ್ದಲ್ಲಿಗೇ ಮರಗಟ್ಟಿತು. ತಾಸೆ ಮಾತ್ರ ಬಾರಿಸುತ್ತಲೇ ಇತ್ತು. ಆ ಸದ್ದಿನೊಳಗೆ, ಕದಲದ ಹುಲಿಯ ಮುಂದೆ, ನಾನು ಕೀಬೋರ್ಡಿನ ಮೇಲೆ ಕೈಯಿಟ್ಟು ಹನ್ನೆರಡು ಸೆಕೆಂಡು ನಿಂತಿದ್ದೆ. "ಹುಲಿಗೆ ಎಂತ ಆಯ್ತು?" ಎಂದು ಮುಂದಿನ ಸಾಲಿನಿಂದ ಯಾರೋ ಕೇಳಿದರು, ಸಭೆಯೆಲ್ಲ ನಕ್ಕಿತು. ಆಗ ಅದೇ ಹಿರಿಯರು ಎಲ್ಲರಿಗೂ ಕೇಳುವಂತೆ, "ಒಂದು ಟೈಮ್ ಸರಿಯಾಗಿ ಇಡಲಿಕ್ಕೆ ಆಗುವುದಿಲ್ಲವಾ ನಿನಗೆ?" ಎಂದರು. ನಾನು "ಸಾರಿ ಸರ್" ಎಂದೆ. ನಾನೇ ಹಾಗೆಂದೆ! ಯಾವ ತಪ್ಪಿಗೆ?

ಹೋಗಲಿ, ನವರಾತ್ರಿ ಮುಗಿಯುವಷ್ಟರಲ್ಲಿ ಊರಿನಲ್ಲಿ ನಿಜವಾದ ಹುಲಿವೇಷಗಳು ಎಷ್ಟೋ ಕುಣಿದಿರುತ್ತವೆ, ಪರದೆಯ ಮೇಲಿನ ಈ ಒಂದು ಹುಲಿ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ ಎಂದು ರಾತ್ರಿ ಸಮಾಧಾನ ಮಾಡಿಕೊಂಡು ಮಲಗಿದೆ. ನಿದ್ದೆ ಬರಲಿಲ್ಲ. ಬಿಟ್ಟುಬಿಡಲು ನನ್ನಿಂದ ಸಾಧ್ಯವಿಲ್ಲ. ಗಡಿಯಾರವನ್ನು ಕೈಯಲ್ಲೇ ಕೊಟ್ಟಿರುವಾಗ ಫ್ರೇಮುಗಳನ್ನು ಎಣಿಸಿ ಹೊತ್ತು ಅಳೆಯುವುದೇಕೆ? ಈ ಕೆಲಸ ಬಲ್ಲವರು ಯಾರಾದರೂ ದಯವಿಟ್ಟು ಉತ್ತರ ಕೊಡಿ.

ಇಂದು ಬೆಳಿಗ್ಗೆ ಅವರಿಂದ ಸಂದೇಶ ಬಂದಿದೆ: "ಮುಂದಿನ ವಾರದ ಕಾರ್ಯಕ್ರಮಕ್ಕೆ 1200 ತೆಗೆದು 2880 ಹಾಕು." ಆ ಕಾರ್ಯಕ್ರಮ ಬೇರೆ ಸಭಾಂಗಣದಲ್ಲಿದೆ. ಅಲ್ಲಿಯ ಪರದೆ 60 ಹರ್ಟ್ಜ್‌ನದಾಗಿದ್ದರೆ ತಾಸೆ ನಿಂತ ಮೇಲೂ ಹುಲಿ 28 ಸೆಕೆಂಡು ಸದ್ದಿಲ್ಲದೆ ಕುಣಿಯುತ್ತಿರುತ್ತದೆ, ಕೀಬೋರ್ಡಿನ ಮುಂದೆ ನಿಂತಿರುವವನು ಮತ್ತೆ ನಾನೇ.