ಮನೆಗೆ ಶ್ರೀಮಂತಿಕೆ, ಯಜಮಾನಿಗೆ ನೋಟಿಸು

ಏನೂ ಮಾಡದೆ ಕೂತಲ್ಲೇ ಶ್ರೀಮಂತರಾಗಬೇಕಾ? ನಲವತ್ತು ವರ್ಷದ ಹಿಂದೆ ಒಂದು ಪುಟ್ಟ ಮನೆ ಕಟ್ಟಿಸಿ, ಅಲ್ಲೇ ಮುದುಕರಾಗಿ. ಪಕ್ಕದ ಜಾಗಕ್ಕೆ ಬೆಲೆ ಬರುತ್ತದೆ, ಎದುರಿಗೆ ದೊಡ್ಡ ಕಟ್ಟಡ ಏಳುತ್ತದೆ. ಒಂದು ದಿನ ತೆರಿಗೆ ಕಚೇರಿಯಿಂದ ಕಾಗದ ಬರುತ್ತದೆ: ನಿಮ್ಮ ಮನೆಯ ಮೌಲ್ಯ ಎರಡರಷ್ಟಾಗಿದೆ! ಪಿಂಚಣಿ ಇದ್ದಷ್ಟೇ ಇದೆ. ಸೂರು ಸೋರುವುದೂ ಹಳೇ ಜಾಗದಲ್ಲೇ. ಆದರೆ ಕಾಗದದ ಪ್ರಕಾರ ನೀವೀಗ ಸಾಹುಕಾರರು. ಸಾಹುಕಾರರು ತೆರಿಗೆ ಜಾಸ್ತಿ ಕಟ್ಟಬೇಕು, ಅಲ್ವಾ?

ಬೆಲೆ ಏರಿದ್ದು ಗೋಡೆಗೆ ತಾನೇ ಅಂತ ಎರಡು ಇಟ್ಟಿಗೆ ಕಿತ್ತುಕೊಂಡು ಹೋಗಿ ಕೌಂಟರಿನಲ್ಲಿ ಇಟ್ಟರೆ ತೆಗೆದುಕೊಳ್ಳುವುದಿಲ್ಲ. ನಗದೇ ಬೇಕು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ಕಿಟಕಿಗಳನ್ನೇ ಮುಚ್ಚಿಸಿ ತೆರಿಗೆ ಉಳಿಸಿದರು. ಕತ್ತಲಲ್ಲಿ ಕೂತರೂ ಅವರ ಕೈಯಲ್ಲಿ ಒಂದು ಉಪಾಯ ಇತ್ತು. ಮಾರುಕಟ್ಟೆ ಬೆಲೆಯನ್ನು ಯಾವ ಗಾರೆ ಕೆಲಸದವರು ಮುಚ್ಚಿಕೊಡುತ್ತಾರೆ?

ಹಾಗಂತ ಸರ್ಕಾರಗಳಿಗೆ ಕರುಣೆ ಇಲ್ಲ ಅನ್ನಬೇಡಿ. ಕರುಣೆಗೆ ಅಂತಲೇ ಅರ್ಜಿ ನಮೂನೆ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲೇ ವರಮಾನ ಕಡಿಮೆ ಇರುವ ವೃದ್ಧರಿಗೆ ಆಸ್ತಿ ತೆರಿಗೆಯ ಹೊರೆ ಇಳಿಸಲು ಹೊರಟಿತು. ಅವರ ವರಮಾನಕ್ಕೆ ತೆರಿಗೆ ತೀರಾ ಭಾರವಾದರೆ ಒಂದಿಷ್ಟು ವಾಪಸ್ ಕೊಡುವ ಲೆಕ್ಕ. ಒಳ್ಳೇ ಯೋಚನೆ. ಆಮೇಲೆ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಆದರೆ ಯೋಚನೆಗೂ ಅಜ್ಜಿಗೂ ನಡುವೆ ಒಂದು ಕೌಂಟರ್ ಇದೆ. ದೇವರು ವರ ಕೊಟ್ಟರೆ ಸಾಕಾ, ಪೂಜಾರಿ ಕೊಡಬೇಡವಾ?

ಇಂಥ ನಮೂನೆ ಒಂದನ್ನು ಸುಮ್ನೆ ಬಿಡಿಸಿ ನೋಡಿ. ಮೊದಲು ವಯಸ್ಸಿಗೆ ದಾಖಲೆ. ಎದುರಿಗೆ ಕೋಲೂರಿ ನಿಂತಿರುವುದು ದಾಖಲೆ ಅಲ್ಲ. ಹೋದ ವರ್ಷವೇ ಕೊಟ್ಟಿದ್ದೆನಲ್ಲ ಅಂದರೆ, ಅದು ಹೋದ ವರ್ಷದ ವಯಸ್ಸು. ಈ ವರ್ಷ ನೀವು ಹದಿನೆಂಟಕ್ಕೆ ಇಳಿದಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ? ಆಮೇಲೆ ವರಮಾನ. ಬಂದ ದುಡ್ಡಿಗೆ ರಸೀದಿ ಇರುತ್ತದೆ, ಬಾರದ ದುಡ್ಡಿಗೆ ಎಲ್ಲಿಂದ ತರುವುದು? ಮನೆಯಲ್ಲಿ ಇನ್ಯಾರಿದ್ದಾರೆ ಅಂತ ಇನ್ನೊಂದು ಕಾಲಂ. ಕೆಲಸ ಕಳೆದುಕೊಂಡು ಬಂದು ಸೇರಿರುವ ಮಗ ಇದ್ದಾನೆ ಅಂತ ನಿಜ ಬರೆದರೆ, ಅವನು ಹೋದ ವರ್ಷ ದುಡಿದದ್ದೂ ತಾಯಿಯ ಲೆಕ್ಕಕ್ಕೇ ಬರುತ್ತದೆ. ಕೊನೆಗೆ, ಮನೆ ಯಾರ ಹೆಸರಲ್ಲಿದೆ? ಯಜಮಾನರ ಹೆಸರಲ್ಲಿ. ಅವರೆಲ್ಲಿ? ತೀರಿಕೊಂಡು ಬಹಳ ವರ್ಷವಾಯಿತು. ಹಾಗಾದರೆ ಅರ್ಜಿ ಹಾಕಬೇಕಾದವರು ಅವರಲ್ಲವಾ ಅಮ್ಮ? ನೋಟಿಸಿಗೆ ಮಾತ್ರ ಈ ತೊಡಕಿಲ್ಲ. ಸತ್ತವರ ಹೆಸರಿಗೂ ಅದು ಟೈಮಿಗೆ ಸರಿಯಾಗಿ ಬರುತ್ತದೆ.

ಇಷ್ಟೆಲ್ಲ ದಾಟಿದರೆ ಗೆರೆ. ವರಮಾನ ಗೆರೆಯ ಈಚೆ ಇದ್ದರೆ ರಿಯಾಯಿತಿ. ಎಷ್ಟೋ ಕಡೆ, ಒಂದು ಕಾಸು ಆಚೆ ಹೋದರೂ ಏನೂ ಇಲ್ಲ. ಬೆಲೆ ಏರಿತು ಪಾಪ ಅಂತ ಒಂದು ಇಲಾಖೆ ಪಿಂಚಣಿಗೆ ಚೂರು ಸೇರಿಸುತ್ತದೆ. ಗೆರೆ ಎಳೆದ ಇಲಾಖೆ ಅದನ್ನು ಸರಿಸಲು ಮರೆಯುತ್ತದೆ. ಕೈಗೆ ಬಂದದ್ದಕ್ಕಿಂತ ಜಾಸ್ತಿ ತೆರಿಗೆಗೆ ಹೋಗುತ್ತದೆ. ಎರಡೂ ಇಲಾಖೆಗಳು ತಮ್ಮ ಕೆಲಸ ತಾವು ಮಾಡಿವೆ, ಯಾರನ್ನೂ ಬೈಯುವ ಹಾಗಿಲ್ಲ.

ಅರ್ಜಿ ಇಲ್ಲದ ರಿಯಾಯಿತಿಯೂ ಇದೆ, ಗಾಬರಿಯಾಗಬೇಡಿ. ಅದಕ್ಕೆ ಬಡವರಾಗಿರಲೇಬೇಕು ಅಂತೇನಿಲ್ಲ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ತೆರಿಗೆ ವಿರೋಧಿ ಹೋರಾಟಗಾರ ಹೋವರ್ಡ್ ಜಾರ್ವಿಸ್ ಮುಂದೆ ನಿಂತು ಪ್ರೊಪೊಸಿಷನ್ 13 ಅನ್ನು ಜನಮತಕ್ಕೆ ತಂದರು. ತೆರಿಗೆ ಕಟ್ಟಲಾಗದೆ ವಯಸ್ಸಾದವರು ಮನೆ ಬಿಡುವ ಹಾಗಾಗಿದೆ ಅನ್ನೋದು ಆಗಿನ ದೊಡ್ಡ ಕೂಗು. ಕೂಗು ಸುಳ್ಳಲ್ಲ. ಜನ ಗೆಲ್ಲಿಸಿದರು. ಮೂಲ ತೆರಿಗೆ ಮೌಲ್ಯದ ಶೇ 1 ದಾಟಬಾರದು, ಆಸ್ತಿ ಕೈ ಬದಲಾಗುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಬಾರದು. ಯಾರಿಗೆ? ಎಲ್ಲರಿಗೂ. ಅಜ್ಜಿಯ ಮನೆಗೂ, ಕಾರ್ಖಾನೆಗೂ, ಆಫೀಸು ಕಟ್ಟಡಕ್ಕೂ, ಕಡಲ ದಡದ ಬಂಗಲೆಗೂ. ಬಾಗಿಲು ತೆಗೆಸಲು ಅಜ್ಜಿಯನ್ನು ಮುಂದೆ ನಿಲ್ಲಿಸಿದರು. ಹಿಂದಿನಿಂದ ಯಾರ್ಯಾರು ಒಳಗೆ ಬಂದರು ಅಂತ ಅಜ್ಜಿ ತಿರುಗಿ ನೋಡಲಿಲ್ಲ. ದೊಡ್ಡ ವಾಣಿಜ್ಯ ಕಟ್ಟಡಗಳನ್ನಾದರೂ ಹೊರಗೆ ಕಳಿಸೋಣ ಅಂತ 2020ರಲ್ಲಿ ಮತ್ತೆ ಜನರನ್ನು ಕೇಳಿದರು. ಬೇಡ ಅಂದರು ಜನ.

ಕಡಲ ದಡದ ಬಂಗಲೆ ಅಂದೆನಲ್ಲ, ಅದರಲ್ಲೊಂದು ಭಾರೀ ಕುಬೇರ ವಾರೆನ್ ಬಫೆಟ್ ಅವರದ್ದಾಗಿತ್ತು. 2003ರಲ್ಲಿ ಅವರೇ ಬಾಯಿಬಿಟ್ಟು ಹೇಳಿದರು: ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿರುವ ನನ್ನ ಮನೆ ಸುಮಾರು 5 ಲಕ್ಷ ಡಾಲರಿನದ್ದು, ತೆರಿಗೆ 14 ಸಾವಿರ ಚಿಲ್ಲರೆ. ಕ್ಯಾಲಿಫೋರ್ನಿಯಾದ್ದು 40 ಲಕ್ಷ ಡಾಲರಿನದ್ದು, ತೆರಿಗೆ 2 ಸಾವಿರ ಚಿಲ್ಲರೆ. ಇದು ಸರಿಯಾ? ಆಗ ಅವರು ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆಗೆ ನಿಂತಿದ್ದ ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ಆರ್ಥಿಕ ಸಲಹೆಗಾರ. ಸಲಹೆಗೆ ಸಿಕ್ಕ ಉತ್ತರ ಏನು ಗೊತ್ತಾ? ಇನ್ನೊಂದು ಸಲ ಪ್ರೊಪೊಸಿಷನ್ 13ರ ಮಾತೆತ್ತಿದರೆ ಬಫೆಟ್ 500 ಸಿಟ್-ಅಪ್ ಹೊಡೆಯಬೇಕು! ಎಪ್ಪತ್ತು ದಾಟಿದವರು ಬೇಡದ ರಿಯಾಯಿತಿ ವಾಪಸ್ ಕೊಡಲು ಬಂದರೆ ಶಿಕ್ಷೆ ಅದು.

ಬೇಕು ಅಂತ ಬಂದವರಿಗೂ ವ್ಯಾಯಾಮ ಇದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಒಪ್ಪಿಕೊಂಡಿರುವ ಊರುಗಳಲ್ಲಿ, 60 ದಾಟಿದವರು ಊರಿನ ಆಡಳಿತಕ್ಕೆ ಕೆಲಸ ಮಾಡಿಕೊಟ್ಟು ಒಂದು ಮಿತಿಯವರೆಗೆ ತೆರಿಗೆ ತೀರಿಸಬಹುದು. ಗಂಟೆಗೆ ಕನಿಷ್ಠ ಕೂಲಿಗಿಂತ ಜಾಸ್ತಿ ಲೆಕ್ಕ ಹಿಡಿಯುವ ಹಾಗಿಲ್ಲ. ಕಾನೂನಿನಲ್ಲಿ ಇದಕ್ಕೆ ಸ್ವಯಂಸೇವೆ ಅಂತ ಹೆಸರು. ಬೇರೆ ಅಜ್ಜಿಯರಿಗೆ ಹೋಗುವ ನೋಟಿಸಿನ ಲಕೋಟೆಗೆ ಗೋಂದು ಹಚ್ಚುವ ಭಾಗ್ಯವೂ ಕೆಲವರಿಗೆ ಸಿಗಬಹುದು.

ಕೆಲಸಕ್ಕೂ ಕೈಲಾಗದೆ, ಬಾಕಿಯೂ ಉಳಿದರೆ? ಮಿನೆಸೋಟಾ ರಾಜ್ಯದ ಹೆನೆಪಿನ್ ಕೌಂಟಿಯನ್ನು ಕೇಳಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲೊಬ್ಬ ಅಜ್ಜಿ ತಮ್ಮ ಫ್ಲಾಟು ಬಿಟ್ಟು ವಯಸ್ಸಾದವರ ವಸತಿಗೆ ಹೋಗಿ ಸೇರಿದರು. ಫ್ಲಾಟಿನ ತೆರಿಗೆ ಸುಮಾರು 2,300 ಡಾಲರ್ ಬಾಕಿ ಬಿತ್ತು. ಬಡ್ಡಿ, ದಂಡ, ಖರ್ಚು ಎಲ್ಲ ಸೇರಿ 15,000 ಆಯಿತು. ಕೌಂಟಿ ಫ್ಲಾಟನ್ನು 40,000ಕ್ಕೆ ಮಾರಿತು. ಬಾಕಿ ಮುರಿದುಕೊಂಡು ಮಿಕ್ಕಿದ್ದು ಕೊಡಬೇಕಿತ್ತು ಅಂತೀರಾ? ಪೂರ್ತಿ ತಾನೇ ಇಟ್ಟುಕೊಂಡಿತು. ಇದು ತಪ್ಪು ಅಂತ 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅಜ್ಜಿಗೆ ಆಗ 94. ನ್ಯಾಯ ಸಿಗಬೇಕಾದರೆ ಮೊದಲು ಆಯಸ್ಸು ಗಟ್ಟಿ ಇರಬೇಕು.

ಮಿಶಿಗನ್ ಇನ್ನೂ ಚುರುಕು. ಅಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು ಬಾಡಿಗೆಗೆ ಕೊಟ್ಟಿದ್ದ ಮನೆಯ ತೆರಿಗೆಯಲ್ಲಿ 8 ಡಾಲರ್ 41 ಸೆಂಟ್ ಕಡಿಮೆ ಕಟ್ಟಿದ್ದರು. ಬಡ್ಡಿ, ದಂಡ, ಶುಲ್ಕ ಸೇರಿ ಅದು 300 ಡಾಲರಿನ ಹತ್ತಿರ ಬಂತು. ಓಕ್‌ಲ್ಯಾಂಡ್ ಕೌಂಟಿ ಮನೆಯನ್ನು 24,500ಕ್ಕೆ ಹರಾಜು ಹಾಕಿ ಅಷ್ಟೂ ಇಟ್ಟುಕೊಂಡಿತು. ಹಾಗೆ ಮಾಡುವಂತಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2020ರಲ್ಲಿ ತಡೆದ ಮೇಲೆ ಹೊಸ ಕಾನೂನು ಬಂತು. ಈಗ ಮಿಕ್ಕ ಹಣ ಮಾಲೀಕರಿಗೇ. ಆದರೆ ತಾನಾಗಿ ಬರುವುದಿಲ್ಲ. ಮನೆ ಜಪ್ತಿಯಾದ ವರ್ಷ ಜುಲೈ 1ರ ಒಳಗೆ ನಮೂನೆ 5743 ತುಂಬಿ, ನೋಟರಿ ಎದುರು ಸಹಿ ಹಾಕಿ ಕಳಿಸಬೇಕು. ಹಣ ಎಲ್ಲಿಗೆ ಕಳಿಸೋಣ ಅಂತ ಅವರಿಗೆ ಗೊತ್ತಾಗಬೇಕಲ್ಲ, ಮನೆಯ ವಿಳಾಸ ಸ್ಪಷ್ಟವಾಗಿ ಬರೆಯಿರಿ.